ಅರಗು ಬಳಿದ ನಾನೂರು ಮೊಳೆ

ಈ ಮೂವತ್ತು ವರ್ಷದಲ್ಲಿ ಫಿರೋಜಾಳ ಲೇತಿನಿಂದ ಬರಿಮೈಯಲ್ಲಿ ಆಚೆ ಹೋದ ಮರದ ಚೂರು ಒಂದೂ ಇಲ್ಲ. ಬುಗುರಿಯಾಗಲಿ, ಗಿಲಕಿಯಾಗಲಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ, ಥಳಥಳ ಹೊಳಪು ಬಂದ ಮೇಲೇ ಅವಳ ಕೈ ಬಿಡುವುದು. ಚನ್ನಪಟ್ಟಣದ ಗೊಂಬೆಯವರ ಕೈ ಅದು. ಹುಟ್ಟುಗುಣ ಸುಟ್ಟರೂ ಹೋಗದು. ಹಾಗಾಗಿ ರಾಮನಗರದ ಹೊಸ ಕಾಲೋನಿಯವರು ಜಾಲಿ ಮರದಲ್ಲಿ ಬೆರಳುಗಾತ್ರದ ನಾನೂರು ಮೊಳೆ ಮಾಡಿಕೊಡಿ ಎಂದಾಗಲೂ ಅವಳು ಅದನ್ನೇ ಮಾಡಿದಳು. ಪ್ರತಿ ಮೊಳೆಗೂ ಬಣ್ಣ ಬೆರೆಸದ ಅರಗು ಬಳಿದು ಕಳಿಸಿದಳು. ಬಳಿ ಎಂದು ಯಾರೂ ಕೇಳಿರಲಿಲ್ಲ, ಬೇಡವೆಂದೂ ಯಾರೂ ಅಂದಿರಲಿಲ್ಲ.

ಆ ಕಾಲೋನಿಯಲ್ಲಿ ರೇಷ್ಮೆ ನೂಲು ತೆಗೆಯುವವರ ಇಪ್ಪತ್ತೆರಡು ಮನೆಗಳು. ನಟ್ಟನಡುವೆ ಎಲ್ಲರಿಗೂ ಸೇರಿದ ಎರಡಂತಸ್ತಿನ ಮರದ ಹಜಾರ. ಮಾಗಡಿ ಕಡೆಯ ಹೊಲದ ಬದುಗಳಲ್ಲಿ ಬೆಳೆದ ಸಿಲ್ವರ್ ಓಕ್ ಸಾಕು, ಕಡಿದಷ್ಟನ್ನೂ ಮತ್ತೆ ನೆಡಬಹುದು, ಸಿಮೆಂಟು ಕಬ್ಬಿಣದ ಗೊಡವೆ ಯಾಕೆ ಎಂದು ಇಂಜಿನಿಯರ್ ನಿಖಾತ್ ಹಠ ಹಿಡಿದು ಕಟ್ಟಿಸಿದ್ದು. ತೊಲೆ, ಕಂಬ ಕೂಡುವ ಕಡೆಯಲ್ಲೆಲ್ಲ ಬೋಲ್ಟಿನ ಬದಲು ಮರದ ಮೊಳೆ. ಮೇಲಿನ ಅಂತಸ್ತಿನಲ್ಲಿ ಹೆಂಗಸರ ಹೊಲಿಗೆ ಕ್ಲಾಸು, ಮಕ್ಕಳ ಟ್ಯೂಷನ್ನು ನಡೆಯಬೇಕು. ಅದಕ್ಕೆ ಮುಂಚೆ ಮರಳಿನ ಮೂಟೆ ಹೇರಿ ಪರೀಕ್ಷೆ ಮಾಡಬೇಕು. ಆ ಪರೀಕ್ಷೆ ಇಟ್ಟುಕೊಂಡಿದ್ದು ಒಂದು ಶನಿವಾರ, ಹನ್ನೊಂದು ಗಂಟೆಗೆ.

ಅದೇ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅಸ್ಗರ್ ಚಹಾ ಕುಡಿಯಲು ಬಂದ. ಮಂಚದ ಕಾಲು ಮಾಡುವವನು, ಬಾಯಿ ಸುಮ್ಮನಿರದು. ಕಿಟಕಿಯಲ್ಲಿ ಉಳಿದಿದ್ದ ಒಂದು ಮೊಳೆಯನ್ನು ಎತ್ತಿ ತಿರುಗಿಸಿ ನೋಡಿದ.

"ಏನಕ್ಕ, ಇದಕ್ಕೂ ಅರಗು ಬಳಿದುಬುಟ್ಟಿದ್ದೀಯಾ? ಮರದ ಮೊಳೆ ಗಾಳಿ ತೇವ ಕುಡಿದು ಉಬ್ಬಬೇಕು, ಆಗ್ಲೇ ಗಟ್ಟಿಯಾಗಿ ಕಚ್ಕೊಳ್ಳೋದು. ಇದು ಸೋಪಿನಂಗೆ ಜಾರ್ತದೆ."

ಅಸ್ಗರ್ ಚಹಾ ಮುಗಿಸಿ ಎದ್ದು ಹೋದ, ಹೇಳಿದ್ದನ್ನು ಮರೆತೂ ಬಿಟ್ಟ. ಫಿರೋಜಾ ಮರೆಯುವುದು ಹೇಗೆ? ನಾನೂರೂ ಆಗಲೇ ಹಜಾರದ ತೊಲೆ ಕಂಬಗಳ ಒಳಗೆ ಕೂತಿವೆ. ಅವುಗಳ ಮೇಲೆ ಮಹಡಿ, ಮಹಡಿಯ ಮೇಲೆ ನಾಳೆ ಮಕ್ಕಳು.

ರಾಮನಗರದ ಬಸ್ಸು ಹತ್ತಿ ಕೂತಳು. ಹನ್ನೆರಡು ಕಿಲೋಮೀಟರ್ ದಾರಿ ಅವಳಿಗೆ ಮುಗಿಯಲೇ ಇಲ್ಲ. ಹೆಂಗಸೊಬ್ಬಳ ಲೇತಿಗೆ ಕಟ್ಟಡದ ಕೆಲಸ ಸಿಕ್ಕಿದ್ದು ಅವರ ಬೀದಿಯಲ್ಲಿ ಅದೇ ಮೊದಲು. ಗೊಂಬೆ ಮಾಡೋರಿಗೆ ಮನೆ ಕಟ್ಟೋ ಕೆಲಸ ಕೊಟ್ಟರೆ ಇನ್ನೇನಾಗುತ್ತೆ ಅನ್ನುವ ಬಾಯಿಗಳು ಕಾದು ಕೂತಿದ್ದವು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಯಾರದೋ ಪ್ರಾಣ ಹೋಗುತ್ತದೆ. ಸುಮ್ಮನಿದ್ದರೂ ಏನೂ ಆಗದೆ ಇರಬಹುದಲ್ಲ ಎಂಬ ಯೋಚನೆಯೂ ಬಂತು. ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅವಳು ತಲುಪುವ ಹೊತ್ತಿಗೆ ಮೂಟೆಗಳು ಮೇಲೇರತೊಡಗಿದ್ದವು. ಅರ್ಧ ಕಾಲೋನಿ ಅಲ್ಲೇ ನೆರೆದಿತ್ತು. ನಾಲ್ಕಾರು ಜನ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮಹಡಿಯ ಅಡಿಗೇ ಹೋಗಿ ಕತ್ತೆತ್ತಿ ನೋಡುತ್ತಿದ್ದರು. ಫಿರೋಜಾಳ ಗಂಟಲಿಂದ ಅವಳಿಗೇ ಗುರುತು ಸಿಗದ ದನಿ ಹೊರಟಿತು.

"ಅಡೀಲಿ ಯಾರೂ ನಿಲ್ಲಬ್ಯಾಡಿ! ಆಚೆ ಬನ್ನಿ! ಮೂಟೆ ನಿಲ್ಸಿ!"

ಎಲ್ಲರೂ ತಿರುಗಿದರು. ಇನ್ನು ನುಂಗಿಕೊಳ್ಳಲು ದಾರಿಯಿರಲಿಲ್ಲ. ಅವಳು ನಿಂತಲ್ಲೇ ಎಲ್ಲರ ಎದುರಿಗೂ ಹೇಳಿಬಿಟ್ಟಳು. "ತಪ್ಪು ನಂದು. ಮೊಳೆಗೆಲ್ಲ ಅರಗು ಬಳಿದೀನಿ. ಅದು ಉಬ್ಬಲ್ಲ, ಕಚ್ಚಲ್ಲ. ಬಿಚ್ಕೊಂಡು ಬಿದ್ದೋದ್ರೆ ಏನ್ ಗತಿ? ಎಲ್ಲಾನೂ ಕೀಳ್ಸಿ ಮೇಡಂ, ಬೇರೆ ಮಾಡ್ಕೊಡ್ತೀನಿ."

ನಿಖಾತ್ ಮೂಟೆ ಹೊತ್ತವರನ್ನು ಕೆಳಗಿಳಿಸಿ, "ನಟರಾಜಣ್ಣ, ಅರಗು ಬಳಿದಿರೋದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

ನಟರಾಜು ಕುದೂರಿನ ಬಡಗಿ, ಹಜಾರದ ಕಂಬ ನಿಲ್ಲಿಸಿದವನು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ನಿಧಾನವಾಗಿ ಹತ್ತಿರ ಬಂದ.

"ಗೊತ್ತಿಲ್ದೆ ಏನು ಮೇಡಂ? ಕನ್ನಡಿ ಹೊಳ್ದಂಗೆ ಹೊಳೀತಿದ್ವು. ಫಿರೋಜಮ್ಮ, ಬರೀ ಮೊಳೆ ಉಬ್ಬೋದು ನಂಬ್ಕಂಡು ತೊಲೆ ಕೂರಿಸ್ತೀನೇನ್ರವ್ವ ನಾನು? ತೊಲೆ ತೂತೇ ಬ್ಯಾರೆ, ಕಂಬದ ತೂತೇ ಬ್ಯಾರೆ. ಎರಡನ್ನೂ ನೇರಕ್ಕೆ ಕೊರ್ದಿಲ್ಲ. ಒಂದು ನೂಲು, ಅಂದ್ರೆ ಇಂಚಲ್ಲಿ ಎಂಟ್ನೇ ಒಂದು ಪಾಲು, ತಪ್ಪಿಸಿ ಕೊರ್ದೀನಿ. ಮೊಳೆ ಹೊಡೆದ್ರೆ ಒಳಗೆ ಡೊಂಕಾಗಿ ತೊಲೇನ ಕಂಬಕ್ಕೆ ಎಳ್ಕಂಬುಡ್ತದೆ. ಆಮ್ಯಾಕೆ ಅದು ಉಬ್ಬಿದ್ರೇನು, ಉಬ್ಬದಿದ್ರೇನು?"

"ಜಾರಲ್ವಾ?" ಎಂದಳು ಫಿರೋಜಾ.

"ಜಾರ್ಲಿ ಅಂತಾನೇ ನಮ್ಮಪ್ಪ ಮೇಣ ಸವರಿ ಹೊಡೀತಿದ್ದ. ಬರಿಮೊಳೆ ಡೊಂಕು ತೂತಲ್ಲಿ ಹತ್ತಕ್ಕೆ ಎರಡು ಮುರೀತವೆ. ನಿಮ್ಮದು ಒಂದೂ ಮುರೀಲಿಲ್ಲ. ನಾನೇನೋ ನೀವು ತಿಳಿದೇ ಬಳಿದೀರಿ ಅಂದ್ಕಂಡಿದ್ದೆ."

ನಿಖಾತ್ ಬಾಯಿಮಾತಿಗೆ ಒಪ್ಪುವವಳಲ್ಲ. ಮೆಟ್ಟಿಲ ಪಕ್ಕದ, ಭಾರ ಬೀಳದ ಕಟಕಟೆಯ ಒಂದು ಮೊಳೆ ಕೀಳಿಸಿದಳು. ಅದು ಸುಲಭಕ್ಕೆ ಬರಲಿಲ್ಲ. ಇಬ್ಬರು ಕಾಲು ಗಂಟೆ ಹೊಡೆದು ಹೊರಗೆ ತಂದರು. ನೆಟ್ಟಗೆ ಹೋದ ಮೊಳೆ ಸೊಂಟ ಬಾಗಿಸಿಕೊಂಡು ಬಂದಿತ್ತು, ಅರಗು ಒಂದಿಷ್ಟೂ ಬಿರುಕು ಬಿಟ್ಟಿರಲಿಲ್ಲ. ನಿಖಾತ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹಗ್ಗದಾಚೆ ಎಲ್ಲರನ್ನೂ ಕಳಿಸಿ, ಮೂಟೆ ಹೇರಲು ಹೇಳಿದಳು.

ಎರಡು ಗಂಟೆ ಭಾರ ಹೊತ್ತು ನಿಂತ ಮಹಡಿ ಇಳಿದದ್ದು ಮೂರು ಮಿಲಿಮೀಟರ್. ಮೂಟೆ ತೆಗೆದ ಮೇಲೆ ಅಷ್ಟೂ ಮತ್ತೆ ಮೇಲೆದ್ದಿತು. ನಿಖಾತ್ ಅಳತೆಪಟ್ಟಿ ಮಡಚಿ, "ಪಾಸು!" ಎಂದು ಕೂಗಿದಳು. ಫಿರೋಜಾಳಿಗೆ ಹೋದ ಜೀವ ಬಂದಂತಾಯಿತು. ಮರಳಿನ ಮೂಟೆಯ ಮೇಲೇ ಕುಸಿದು ಕೂತು ಸೆರಗಲ್ಲಿ ಮುಖ ಮುಚ್ಚಿ ಅತ್ತಳು. ಅತ್ತು ಮುಗಿಸಿ, ಅಲ್ಲಿಲ್ಲದ ಅಸ್ಗರನನ್ನು ಉರ್ದುವಿನಲ್ಲಿ ಚೆನ್ನಾಗಿ ಬೈದಳು.

ಆದರೆ ಮೆಟ್ಟಿಲು ಹತ್ತಲು ಯಾರೂ ಮುಂದೆ ಬರಲಿಲ್ಲ. ಪರೀಕ್ಷೆ ಪಾಸಾದರೇನು, ಅಡಿಯಲ್ಲಿ ನಿಲ್ಲಬೇಡಿ ಎಂಬ ಕೂಗು ಜನರ ಕಿವಿಯಲ್ಲಿ ಇನ್ನೂ ಇತ್ತು. ನಾನೇ ಎಲ್ಲ ಕೆಡಿಸಿದೆ ಎಂದು ಫಿರೋಜಾ ಮತ್ತೆ ಕುಗ್ಗಿದಳು.

ಆಗ ಗುಂಪಿನಿಂದ ಎದ್ದವರು ಕರೀಮುನ್ನೀಸಾ. ಕಾಲೋನಿಯ ಹಿರಿಯರು, ನಲವತ್ತು ವರ್ಷ ಕುದಿವ ನೀರಿನಿಂದ ನೂಲು ತೆಗೆದು ಬೆರಳು ಬೆಂದವರು. ಮರದ ಮಹಡಿ ಅಂದರೆ ಮೊದಲ ದಿನದಿಂದಲೂ ಮೂಗು ಮುರಿದವರು ಅವರೇ. ನೇರ ಬಂದು ಫಿರೋಜಾಳ ಕೈ ಹಿಡಿದರು.

"ಏಳು ಬೇಟಿ, ಹತ್ತೋಣ."

"ನಿಮಗೆ ಹೆದ್ರಿಕೆ ಇಲ್ವಾ ಖಾಲಾ?"

"ಇತ್ತು. ಇಷ್ಟು ದಿನ ಎಲ್ಲರೂ ಚೆನ್ನಾಗೈತೆ, ಚೆನ್ನಾಗೈತೆ ಅಂತಲೇ ಹೇಳೋರು. ತಪ್ಪಾಗೈತೆ ಅಂತ ಓಡಿ ಬಂದೋಳು ನೀನೊಬ್ಬಳೇ. ಇನ್ಯಾಕೆ ಹೆದ್ರಿಕೆ?"

ಇಬ್ಬರೂ ಮೆಟ್ಟಿಲೇರಿದರು. ಹಿಂದೆ ಇನ್ನೊಂದು ಜೊತೆ ಚಪ್ಪಲಿ ಸದ್ದು, ಆಮೇಲೆ ಮತ್ತೊಂದು, ಆಮೇಲೆ ಎಣಿಸಲಾರದಷ್ಟು ಸದ್ದು ಮರದ ಮೇಲೆ ಕೇಳತೊಡಗಿತು. ಫಿರೋಜಾ ಹಿಂದಿರುಗಿ ನೋಡಲಿಲ್ಲ.