ಮೇಯರ್ ಸಾಹೇಬರ ನೆತ್ತಿ

ಎಸ್ತೆಫಾನಾಳ ಚಿತ್ರದಲ್ಲಿ ಯಾರಿಗೂ ಮುಖ ಇರುವುದಿಲ್ಲ. ಮೇಲೆ ಹಾರುವ ಹಕ್ಕಿ ಕೆಳಗೆ ಬಗ್ಗಿ ನೋಡಿದರೆ ಊರು ಹೇಗೆ ಕಂಡೀತೋ ಹಾಗೆ ಬರೆಯುತ್ತಾಳೆ. ಸಂತೆಯೆಂದರೆ ಟೋಪಿ, ತಲೆವಸ್ತ್ರ, ಬುಟ್ಟಿ, ಅಷ್ಟೇ. ಸರೋವರದ ದಂಡೆಯ ಆ ಊರಲ್ಲಿ ಅವಳಪ್ಪನೂ ಹಾಗೇ ಬರೆಯುತ್ತಿದ್ದ. ಆದರೂ ಊರವರು ಚಿತ್ರದ ಮೇಲೆ ಬೆರಳಿಟ್ಟು, "ಇದು ನಾನು, ಇದು ನಮ್ಮತ್ತೆ. ನೋಡು ಜಿಪುಣಿ, ಅರ್ಧ ಬುಟ್ಟಿ ಬೆಣ್ಣೆಹಣ್ಣು ಇಟ್ಕೊಂಡು ವ್ಯಾಪಾರಕ್ಕೆ ಬಂದವ್ಳೆ" ಅನ್ನುತ್ತಾರೆ. ಒಂದು ಸಲವೂ ತಪ್ಪಿದ್ದಿಲ್ಲ.

ಆ ಚಿತ್ರಗಳು ಮಾರಾಟವಾಗಿಯೇ ಶಾಲೆಗೆ ನಲ್ಲಿ ಬಂದಿತ್ತು. ಈ ವರ್ಷ ಹೆರಿಗೆಗೆಂದೇ ಸೂಲಗಿತ್ತಿಯರ ಮನೆಗೆ ಗೋಡೆ ಎದ್ದಿತ್ತು. ಹೋದ ಮಳೆಗಾಲದಲ್ಲಿ ಎಸ್ತೆಫಾನಾಳ ತಂಗಿ ಆಚೆ ದಡದ ಆಸ್ಪತ್ರೆಗೆ ಹೊರಟವಳು ದೋಣಿಯಲ್ಲೇ ಹೆತ್ತಳು. ಮಗು ಉಳಿಯಲಿಲ್ಲ. ಇನ್ನು ನಮ್ಮೂರ ಹೆಂಗಸರು ನಮ್ಮೂರಲ್ಲೇ, ಬೆಚ್ಚಗೆ, ಸೂರಿನ ಕೆಳಗೆ ಹೆರಬೇಕು ಎಂದು ಎಸ್ತೆಫಾನಾ ಅವತ್ತೇ ಹಟ ತೊಟ್ಟಿದ್ದಳು. ಆದರೆ ಗೋಡೆ ಮುಗಿಯುವಷ್ಟರಲ್ಲಿ ಕೈ ಖಾಲಿಯಾಯಿತು. ಮಾಡಿಗೆ ತಗಡಿಲ್ಲ, ಮಳೆಗೆ ಮೂರೇ ವಾರ.

ಆಗ ಬಂದರು ನೋಡಿ, ಮೇಯರ್ ದೋನ್ ರೆಮಿಹಿಯೊ ಸಾಹೇಬರು. ಚುನಾವಣೆ ಹತ್ತಿರ ಬಂದಾಗ ಸಾಹೇಬರಿಗೆ ಬಡವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ.

"ತಗಡು ನಾನು ಕೊಡ್ತೀನಮ್ಮ," ಅಂದರು. "ಮನೆ ಮುಂದಿನ ಗೋಡೆ ಮೇಲೆ ನನ್ನ ಚಿತ್ರ ಇರ್ಲಿ. ಬರೋರು ಹೋಗೋರಿಗೆಲ್ಲ ಕಾಣ್ಬೇಕು."

"ನನ್ನ ಕೈಲಾಗಲ್ಲ," ಅಂದಳು ಎಸ್ತೆಫಾನಾ.

ಊರಿನ ಹಿರಿಯ ಸೂಲಗಿತ್ತಿ ತಿಬುರ್ಸಿಯಾ ಅಜ್ಜಿ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. "ಬಾಯ್ಮುಚ್ಚೇ. ಅವನ ಮೋರೆ ಇರೋ ಗೋಡೆ ಹಿಂದೆ ಹುಟ್ಟಿದ್ರೂ ಮಗು ಮಗುನೇ. ನಿನ್ನ ಜಂಬ ನೋಡ್ಕೊಂಡು ಮಳೆ ನಿಂತ್ಕೊಳ್ಳುತ್ತಾ?"

ಆ ಮಾತು ಎಸ್ತೆಫಾನಾಳಿಗೆ ಚುಚ್ಚಿತು. ಬೇರೆ ಯಾರು ಅಂದಿದ್ದರೂ ತಿರುಗಿ ಬೀಳುತ್ತಿದ್ದಳು, ಅಜ್ಜಿಗೆ ಎದುರಾಡಲಾರಳು. ಸಾಹೇಬರ ಹತ್ತಿರ ಹೋಗಿ, "ಬರೀತೀನಿ. ಆದ್ರೆ ನಂಗೆ ಬರೋ ಥರಾನೇ ಬರೆಯೋದು" ಎಂದಳು. "ಹೇಗಾದ್ರೂ ಬರಿ ತಾಯಿ," ಎಂದರು ಸಾಹೇಬರು, ಹತ್ತು ಜನರೆದುರಿಗೆ.

ತಗಡು ಬಂತು, ಮಾಡು ಕೂತಿತು. ಎಸ್ತೆಫಾನಾ ಗೋಡೆಗೆ ಪರದೆ ಕಟ್ಟಿಕೊಂಡು ಹನ್ನೊಂದು ದಿನ ಬರೆದಳು. ಒಳಗೆ ಇಣುಕಲು ಯಾರನ್ನೂ ಬಿಡಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಸಾಹೇಬರು ಹೊಸ ಅಂಗಿ ತೊಟ್ಟು, ರಾಜಧಾನಿಯಿಂದ ಇಬ್ಬರು ಅತಿಥಿಗಳನ್ನೂ ಕರೆದುಕೊಂಡು ಬಂದರು. ಪರದೆ ಸರಿಯಿತು. ಗೋಡೆಯ ತುಂಬ ಭಾನುವಾರದ ಸಂತೆ, ಮುನ್ನೂರು ತಲೆ. ಸಾಹೇಬರು ತಮ್ಮನ್ನು ಹುಡುಕುತ್ತಿರುವಾಗಲೇ ಊರು ಅವರನ್ನು ಹುಡುಕಿಯಾಗಿತ್ತು. ಚಿತ್ರದಲ್ಲಿ ಅವರು ಮೀನಿನವಳ ಪಕ್ಕದಲ್ಲಿ, ಮತ ಕೇಳುವ ದಿನ ಹಿಡಿಯುವಂತೆ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದರು. ಮಿರಮಿರ ಮಿಂಚುವ ಬೋಳು ನೆತ್ತಿ, ಗಾತ್ರದಲ್ಲಿ ಒಂದು ನಿಂಬೆಹಣ್ಣಿನಷ್ಟು.

"ಅಗೋ, ದೋನ್ ರೆಮಿಹಿಯೊ," ಎಂದು ಯಾರೋ ತೋರಿಸಿದರು. ನಗು ತಡೆಯಲಾರದೆ ಹೆಂಗಸರು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ನನ್ನ ಮುಖ ಎಲ್ಲಿ?"

"ಯಾರದ್ದೂ ಇಲ್ವಲ್ಲ," ಎಂದಳು ಎಸ್ತೆಫಾನಾ.

"ಬೆಣ್ಣೆಹಣ್ಣಿನ ಬುಟ್ಟಿ ನನಗಿಂತ ದೊಡ್ಡದಿದೆ."

"ಅದು ದೊಡ್ಡ ಬುಟ್ಟಿ, ದೋನ್ ರೆಮಿಹಿಯೊ."

ಸಾಹೇಬರ ಕಿವಿ ಕೆಂಪಾಯಿತು. "ಇದನ್ನ ಅಳಿಸಿ ನನ್ನ ಮುಖ ಬರೀತೀನಿ ಅಂತ ಈಗ ಒಪ್ಕೋ. ಇಲ್ಲಾಂದ್ರೆ ನಿಂತ ಕಾಲಲ್ಲೇ ತಗಡು ಇಳಿಸ್ತೀನಿ."

ಎಸ್ತೆಫಾನಾಳಿಗೆ ಆ ದೋಣಿ, ದೋಣಿಯೊಳಗಿನ ತಂಗಿ ಕಣ್ಣಮುಂದೆ ಬಂದಂತಾಯಿತು. ಒಂದು ಗೋಡೆಯ ಬಣ್ಣಕ್ಕಾಗಿ ಇನ್ನೊಬ್ಬಳ ಮಗುವನ್ನು ನೀರಿಗೆ ಬಿಡಲೇ? ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅಳಿಸು ಅಂದರೆ ಅಳಿಸುವುದೇ.

ಕಣ್ಣು ಮಂಜಾದ ಅಜ್ಜಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ನೆತ್ತಿಯ ಮೇಲೆ ಬೆರಳಿಟ್ಟಳು.

"ಇವನೇ," ಅಂದಳು. "ನಿಮ್ಮವ್ವ ಎರಡು ದಿನ ನೋವು ತಿಂದ್ಲು ಕಣೋ. ನಿನ್ನ ಮುಖ ಆಮೇಲೆ ಬಂತು, ನಾನು ಮೊದಲು ನೋಡಿದ್ದು ಈ ನೆತ್ತೀನೇ. ಈ ಊರಲ್ಲಿ ಎಲ್ಲಾರ್ನೂ ನಾನು ಮೊದಲು ನೋಡಿದ್ದು ಹೀಗೇ. ಹುಡುಗಿ ಸರಿಯಾಗೇ ಬರ್ದವ್ಳೆ. ಎಸ್ತೆಫಾನಾ, ಒಂದು ಚುಕ್ಕೆನೂ ಅಳಿಸ್ಬೇಡ."

ಸಾಹೇಬರು ತಗಡು ಕೂರಿಸಿದ್ದ ತಮ್ಮ ಆಳುಗಳಿಬ್ಬರಿಗೆ ಪಕ್ಕದ ಗೋಡೆಗೆ ಒರಗಿದ್ದ ಏಣಿ ತೋರಿಸಿದರು. ಅವರೂ ಅಜ್ಜಿಯ ಕೈಯಲ್ಲೇ ಭೂಮಿಗೆ ಬಂದವರು. ಟೋಪಿ ತೆಗೆದು, ನೆಲ ನೋಡುತ್ತ ನಿಂತುಬಿಟ್ಟರು. ಸಾಹೇಬರು ಅವರ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಕಸಿದುಕೊಂಡು ತಾವೇ ಏಣಿ ಹತ್ತಿದರು.

ಎಸ್ತೆಫಾನಾಳಿಗೆ ಭಯ ಹೋಗಿ ಸಿಟ್ಟು ಬಂತು, ಮೈ ಉರಿಯುವಷ್ಟು ಸಿಟ್ಟು. "ಯಾರೂ ತಲೆ ಎತ್ಬೇಡಿ," ಎಂದಳು ಮೆಲ್ಲಗೆ. ಮೊದಲು ಅವಳು ತಲೆ ಬಗ್ಗಿಸಿದಳು. ಪಕ್ಕದವಳು ಬಗ್ಗಿಸಿದಳು. ಅಂಗಳವಿಡೀ ಬಗ್ಗಿಸಿತು. ಮೇಲಿಂದ ಸಾಹೇಬರಿಗೆ ಏನು ಕಾಣುತ್ತಿದೆಯೆಂದು ಎಸ್ತೆಫಾನಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೋಪಿ, ತಲೆವಸ್ತ್ರ, ಬುಟ್ಟಿ. ಒಂದು ಮುಖವೂ ಇಲ್ಲ.

"ಮೇಲೆ ನೋಡ್ರೋ," ಎಂದು ಸಾಹೇಬರು ಕೂಗಿದರು. ಯಾರೂ ನೋಡಲಿಲ್ಲ. ಒಂದು ಬೋಲ್ಟು ಬಿಚ್ಚಿಕೊಂಡು, ತಗಡಿನ ಮೇಲೆ ಗಡಗಡ ಉರುಳಿ ಎಸ್ತೆಫಾನಾಳ ಮುಂದೆ ಬಿತ್ತು. ಅವಳು ಅದರ ಮೇಲೆ ಕಾಲಿಟ್ಟಳು. ಎರಡನೆಯದು ಬೀಳಲಿಲ್ಲ. ಕೇಳುವವರಿಲ್ಲದೆ, ನೋಡುವವರಿಲ್ಲದೆ ಸಾಹೇಬರು ಕಾದ ತಗಡಿನ ಮೇಲೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದರು. ಅತಿಥಿಗಳು ಗಡಿಯಾರ ನೋಡಿಕೊಂಡು ದೋಣಿಯ ಕಡೆ ಹೊರಟರು.

ಕೊನೆಗೆ ಮಾಡಿನಿಂದ ಸಣ್ಣ ದನಿ ಬಂತು. "ಏಣಿ ಅಲ್ಲಾಡ್ತಿದೆ. ಯಾರಾದ್ರೂ ಹಿಡ್ಕೊಳ್ರಿ."

ತಿಬುರ್ಸಿಯಾ ಅಜ್ಜಿ ಹೋಗಿ ಎರಡೂ ಕೈಯಲ್ಲಿ ಏಣಿ ಹಿಡಿದಳು. ಅವಳೂ ತಲೆ ಎತ್ತಲಿಲ್ಲ.

"ಇಳಿ ಮಗ," ಎಂದಳು. "ಈ ಸಲ ಕಾಲು ಮೊದಲು."