ಹರಾಜುಕಟ್ಟೆಗೆ ವೈಫೈ ಆರಿಸಿದ್ದು

ಅಮೆರಿಕದ ನೆಬ್ರಾಸ್ಕದ ಒಂದು ದನದ ಹರಾಜುಕಟ್ಟೆಯ ಒಡತಿ ವರ್ಲಾ ಕೂಲ್‌ಮನ್‌ಗೆ ಮೂರು ದಿನದಿಂದ ಕಾಫಿ ಕೂಡ ಬೇಕಾಗಿರಲಿಲ್ಲ. ಕಳೆದ ಶನಿವಾರ ಆರಿನ್ ಟ್ವೆಟ್‌ನ ಕರುಗಳು ಕಣಕ್ಕೆ ಇಳಿದ ಹೊತ್ತಿಗೇ ವೈಫೈ ಸತ್ತಿತ್ತು. ಕಂಪ್ಯೂಟರಿನಲ್ಲಿ ಬೆಲೆ ಕೂಗುವ ದೂರದ ಗಿರಾಕಿಗಳೆಲ್ಲ ಬಾಯಿ ಬಿದ್ದುಹೋದವರಂತೆ ಸುಮ್ಮನಾದರು, ಕರುಗಳು ಅಗ್ಗಕ್ಕೆ ಹೋದವು.

"ಇನ್ನೂ ನಾನೂರು ಕರು ಇದಾವೆ. ಶುಕ್ರವಾರ ಬಂದು ನೋಡ್ತೀನಿ. ರಿಪೇರಿ ಆಗಿಲ್ಲ ಅಂದ್ರೆ ನದಿ ಆಚೆ ಕಟ್ಟೆಗೆ ಹೊಡ್ಕೊಂಡು ಹೋಗ್ತೀನಿ," ಎಂದಿದ್ದ ಟ್ವೆಟ್. ಅವನು ಹೋದರೆ ಉಳಿದ ರೈತರೂ ಅವನ ಹಿಂದೆಯೇ. ಹಿಮ ಬೀಳುವುದರೊಳಗೆ ಕಟ್ಟೆಗೆ ಬೀಗ.

ಗುರುವಾರ ವೈಫೈ ಪೆಟ್ಟಿಗೆ ಮಾರುವ ಇಬ್ಬರು ಬಂದರು. ಗ್ಯಾರಿಟಿ ಎಂಬವನದು ಎಂಟು ಆಂಟೆನಾದ ಒಂದೇ ದೊಡ್ಡ ಪೆಟ್ಟಿಗೆ, ಚಾವಣಿಗೆ ನೇತುಹಾಕುವಂಥದ್ದು. ನೋರೀನ್ ಎಂಬಾಕೆಯದು ತಟ್ಟೆಯಂಥ ಆರು ಪುಟ್ಟ ಪೆಟ್ಟಿಗೆ, ಬೆಂಚುಗಳ ಕೆಳಗೆ ಇಡುವಂಥದ್ದು. ಹರಾಜು ಕೂಗುವ ಮೈದುನ ಡಾಯ್ಲ್ ದೊಡ್ಡದರ ಸುತ್ತ ಎರಡು ಸುತ್ತು ಬಂದ. ಹೋರಿಗಾದರೆ ಹಲ್ಲು ನೋಡುತ್ತಿದ್ದ, ಇದಕ್ಕೆ ಹಲ್ಲಿರಲಿಲ್ಲ.

"ಇದೇ ಇರ್ಲಿ ಅತ್ತಿಗೆ. ಕೊಂಬು ನೋಡು ಹೆಂಗಿದಾವೆ!"

"ಖಾಲಿ ಕಟ್ಟೇಲಿ ಎಲ್ಲಾನೂ ಓಡುತ್ತೆ ಮೇಡಂ," ಎಂದಳು ನೋರೀನ್. "ದನದ ಮೈ, ಮನುಷ್ಯರ ಮೈ ಎಲ್ಲಾ ಬರೀ ನೀರು. ಸಿಗ್ನಲ್ಲನ್ನ ಕುಡಿದುಬಿಡುತ್ತೆ. ತುಂಬಿಸಿ ನೋಡಿ."

ಈಗ ಸತ್ತ ಹಳೆಯ ಪೆಟ್ಟಿಗೆಯನ್ನೂ ಕಟ್ಟೆ ಖಾಲಿಯಿದ್ದ ಸೋಮವಾರವೇ ನೋಡಿ ಕೊಂಡದ್ದೆಂದು ವರ್ಲಾಗೆ ಆಗ ಹೊಳೆಯಿತು.

ಶುಕ್ರವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚೆರ‍್ರಿ ಪೈ ಪುಕ್ಕಟೆ ಎಂದು ಸಾರಿದಳು. ಮೂರು ತಾಲೂಕಿನ ಜನ ನುಗ್ಗಿದರು. ಹೋದ ತಿಂಗಳು ಪಾದ್ರಿಯಿಂದ ಕೊನೆಯ ಪ್ರಾರ್ಥನೆ ಮಾಡಿಸಿಕೊಂಡಿದ್ದ ಮುದುಕನೊಬ್ಬ ತಾನೇ ಟ್ರಕ್ಕು ಓಡಿಸಿಕೊಂಡು ಬಂದು ಎರಡು ತುಂಡು ತಿಂದ. ಸುತ್ತಲ ದೊಡ್ಡಿಗಳಲ್ಲೆಲ್ಲ ದನ ತುಂಬಿಸಿದರು. ಟ್ವೆಟ್ ಮುಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತ.

ಕಣಕ್ಕೆ ಒಂದು ಪ್ರಾಣಿ ಬೇಕಿತ್ತು. ಅಲ್ಲಿ ಸುತ್ತಿಗೆ ಬಿದ್ದರೆ ಮಾರಾಟವಾದಂತೆಯೇ, ಆಟಕ್ಕೆಂದು ಯಾರ ದನವನ್ನೂ ಕೂಗುವಂತಿಲ್ಲ. ವರ್ಲಾ ತನ್ನ ಹಳೆಯ ಹೆಣ್ಣುಕುದುರೆ ಮೇಬಲ್‌ಳನ್ನು ತಂದಳು. ತೀರಿಕೊಂಡ ಗಂಡ ಕೊನೆಗೆ ಸವಾರಿ ಮಾಡಿದ್ದು ಅದರ ಮೇಲೆಯೇ. ಕಂಪ್ಯೂಟರಿನ ಗಿರಾಕಿಯಾಗಿ ಡಾಯ್ಲ್‌ನ ಹೆಂಡತಿ ಟ್ರೂಡಿ ಮನೆಯಲ್ಲಿ ಕೂತಿದ್ದಳು. ಪರೀಕ್ಷೆಗೆಂದು ಇಂಟರ್‌ನೆಟ್ಟಿನಲ್ಲಿ ಬೇರೆ ಪುಟವಿರಲಿಲ್ಲ, ಹರಾಜಿನ ಪುಟವನ್ನೇ ತೆರೆದಿದ್ದರು.

ಮೊದಲು ದೊಡ್ಡ ಪೆಟ್ಟಿಗೆ. ಟ್ರೂಡಿ ಮನೆಯಿಂದ ನೂರು ಡಾಲರ್ ಎಂದಳು. ಅದು ಕಟ್ಟೆ ತಲುಪುವಷ್ಟರಲ್ಲಿ ಮುದುಕ ಮೂರನೆಯ ತುಂಡು ಮುಗಿಸಿದ್ದ. ಟ್ವೆಟ್ ಎದ್ದು ಟೋಪಿ ಹಾಕಿಕೊಂಡ.

"ಆರಿನ್, ಐದು ನಿಮಿಷ ಕೂತ್ಕೋ. ನಿನ್ನ ಕಾಲಿಗೆ ಬೀಳ್ತೀನಿ ಕಣೋ," ಎಂದಳು ವರ್ಲಾ. ಜನರೆದುರಿಗೆ ಅವಳು ಹಾಗೆ ಅಂದದ್ದು ಅದೇ ಮೊದಲು.

ಟ್ವೆಟ್ ಕೂತ.

ಪುಟ್ಟ ಪೆಟ್ಟಿಗೆಗಳಿಗೆ ಜೀವ ಬಂತು. ಡಾಯ್ಲ್ ಮತ್ತೆ ಕೂಗಿದ. ಟ್ರೂಡಿಯ ನೂರು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಹಿಂದೆಯೇ ಇನ್ನೂರು, ಮುನ್ನೂರು. ಡಾಯ್ಲ್ ಮೈಮರೆತ. ಕೂಗಲು ಶುರುಮಾಡಿದರೆ ಬೆಂಕಿ ಬಿದ್ದರೂ ಅವನು ನಿಲ್ಲಿಸುವವನಲ್ಲ. ಆರುನೂರಕ್ಕೆ ಸುತ್ತಿಗೆ ಬಿತ್ತು.

"ಟ್ರೂಡಿ ಜಾಸ್ತಿ ಕೂಗಿಬಿಟ್ಟಳಲ್ಲ," ಎಂದು ನಕ್ಕಳು ವರ್ಲಾ.

ಡಾಯ್ಲ್ ಕಂಪ್ಯೂಟರಿನ ತೆರೆಯನ್ನು ಎರಡೆರಡು ಸಲ ನೋಡಿದ. "ಟ್ರೂಡಿ ಇನ್ನೂರಕ್ಕೇ ನಿಲ್ಸಿದಾಳೆ ಅತ್ತಿಗೆ. ಆರುನೂರು ಕೂಗಿದ್ದು ಇವನ್ಯಾರೋ ಓಹಾಯೋದ ಗಿರಾಕಿ."

ಪೈ ತಿನ್ನುವ ಬಾಯಿಗಳೆಲ್ಲ ನಿಂತವು.

"ಪರೀಕ್ಷೆ ಅಂತ ಹೇಳಿಬಿಡು," ಪಿಸುಗುಟ್ಟಿದ ಡಾಯ್ಲ್.

"ಸುತ್ತಿಗೆ ಬಿತ್ತಲ್ಲ ವರ್ಲಾ," ಎಂದ ಟ್ವೆಟ್, ಅವಳ ಮುಖವನ್ನೇ ನೋಡುತ್ತ. "ಮಾರಾಟದ ಚೀಟಿ ಬರೀತೀಯೋ ಇಲ್ವೋ?"

ವರ್ಲಾ ಮೇಬಲ್‌ಳನ್ನು ಓಹಾಯೋದವನಿಗೆ ಮಾರಿದ ಚೀಟಿ ಬರೆದು ಡಾಯ್ಲ್‌ನ ಕೈಗೆ ಕೊಟ್ಟಳು.

"ಬೆಳಿಗ್ಗೆ ಆರಕ್ಕೆ ಕರು ತರ್ತೀನಿ," ಎಂದು ಟ್ವೆಟ್ ಹೊರಟ.

ನೋರೀನ್ ಪುಟ್ಟ ಪೆಟ್ಟಿಗೆಗಳ ಕರಾರು ಪತ್ರ ಹಿಡಿದು ಬಂದಳು. ಕಣದಲ್ಲಿ ಮೇಜಿರಲಿಲ್ಲ. ವರ್ಲಾ ಕಾಗದವನ್ನು ಮೇಬಲ್‌ಳ ಪಕ್ಕೆಗೆ ಒತ್ತಿ ಸಹಿ ಹಾಕಿದಳು. ಕುದುರೆ ಅಲುಗಾಡಲಿಲ್ಲ, ಸಹಿ ನೆಟ್ಟಗೇ ಬಂತು.