ಐಸಿನ ಮೇಲೆ ಆರಿ

ಗೇರ್‌ಬಾಕ್ಸಿನ ಮುಚ್ಚಳ ಬಿಚ್ಚಿದ ಕೂಡಲೇ ಒಳಗೆ ಬೆಣ್ಣೆಯಂತೆ ಬೆಳ್ಳಗೆ ಹೆಪ್ಪುಗಟ್ಟಿದ್ದು ಕಂಡಿತು. ಬಸವಪ್ರಸಾದ ಬೆರಳಿನಿಂದ ತುಸು ಕೆರೆದು ಮೂಸಿ ನೋಡಿದ. ಕೊಬ್ಬರಿ ಎಣ್ಣೆ.

"ಇದಕ್ಕೇನ್ ಹಾಕೀರಿ ಸರ್?"

"ಎಣ್ಣಿನರಿ. ಮೊನ್ನೆ ಕರಕರ ಅನ್ನಾಕತ್ತಿತ್ತು. ಅವ್ವನ ತಲಿ ಎಣ್ಣಿ ಬಾಟ್ಲಿ ಕೈಗೆ ಸಿಕ್ತು, ಬಿಟ್ಟೆ." ರವಿಶಂಕರ ಪೆಚ್ಚಾಗಿ ನಕ್ಕ. "ಎಣ್ಣಿ ಎಣ್ಣಿನ ಅಲ್ಲೇನ್ರಿ?"

"ಮೈನಸ್ ನಾಕರಾಗ ಇದು ಎಣ್ಣಿ ಅಲ್ಲರಿ, ಮೇಣ. ಅವ್ವಾರ ತಲಿ ಬೆಚ್ಚಗಿರ್ತೈತಿ. ಈ ಕಾರಿನ ಹೊಟ್ಟಿ ಬೆಚ್ಚಗಿರಂಗಿಲ್ಲಲ್ಲ."

ಮೊಳದುದ್ದದ ರೇಡಿಯೋ ಕಾರು ರವಿಶಂಕರನ ಅಡುಗೆಮನೆಯ ಮೇಜಿನ ಮೇಲೆ ಹೊಟ್ಟೆ ಬಗೆದುಕೊಂಡು ಮಲಗಿತ್ತು. ಎಷ್ಟೋ ವರ್ಷಗಳ ಮೇಲೆ ಡಚ್ಚರ ಈ ಊರು ಆಮರ್ಸ್‌ಫೋರ್ಟಿನಲ್ಲಿ ಈ ಸಲ ಗಟ್ಟಿ ಚಳಿ ಬಿದ್ದಿತ್ತು. ಬಡಾವಣೆಯವರು ಹುಲ್ಲುಗಾವಲಿಗೆ ನೀರು ಬಿಟ್ಟು ಐಸಿನ ಅಂಗಳ ಮಾಡಿದ್ದರು. ಮಧ್ಯಾಹ್ನ ಎರಡಕ್ಕೆ ಅಲ್ಲಿ ರಿಮೋಟ್ ಕಾರುಗಳ ಓಟ. ಕಂಪನಿಯ ಡೈರೆಕ್ಟರ್ ಸ್ಯಾಂಡರ್ ಕೂಡ ತನ್ನ ಕಾರು ತರುತ್ತಾನೆ. ಅವನೆದುರು ತನ್ನ ಕಾರು ಕೆಟ್ಟು ನಿಲ್ಲಬಾರದು ಎಂಬುದಷ್ಟೇ ರವಿಶಂಕರನ ಚಿಂತೆ.

"ನೀವಿದ್ದೀರಿ, ನಂಗೇನ್ ಚಿಂತಿಲ್ಲ ಬಿಡ್ರಿ," ಎಂದ.

ಆ 'ರಿ' ಬಸವಪ್ರಸಾದನಿಗೆ ಬಲು ಹಿತ. ಆಫೀಸಿನಲ್ಲಿ ಡೈರೆಕ್ಟರನಿಂದ ಹಿಡಿದು ನೆಲ ಒರೆಸುವವನ ತನಕ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಬೆಂಗಳೂರಿನಿಂದ ಬಂದವರು ಎರಡನೇ ದಿನಕ್ಕೇ 'ಮಗಾ' ಎನ್ನುತ್ತಾರೆ. ತಂಡದ ಮುಖ್ಯಸ್ಥನಾದ ರವಿಶಂಕರ ಮಾತ್ರ, ತನಗಿಂತ ಹನ್ನೊಂದು ವರ್ಷ ಚಿಕ್ಕವನಾದ ಬಸವಪ್ರಸಾದನಿಗೆ 'ಬರ್ರಿ, ಕುಂದರ್ರಿ' ಎಂದೇ ಅನ್ನುತ್ತಿದ್ದ. "ನಮ್ಮ ಕಡೆ ಮಂದಿ ನೋಡ್ರಿ, ಎಲ್ಲಿಗ್ಹೋದ್ರೂ ಮರ್ಯಾದಿ ಬಿಡಂಗಿಲ್ಲ" ಎಂದು ಹೆಮ್ಮೆಪಡುತ್ತಿದ್ದ. 'ನಮ್ಮ ಕಡೆ'ಯವರು ಯಾವಾಗ 'ನಮ್ಮವರು' ಆದರೋ ಬಸವಪ್ರಸಾದನಿಗೆ ತಿಳಿಯಲಿಲ್ಲ. ಹೆಸರಿನಲ್ಲಿ ಬಸವ ಇದ್ದಾನೆ, ಊರು ಗದಗ. ರವಿಶಂಕರ ತಾನೇ ಲೆಕ್ಕ ಕೂಡಿಸಿಕೊಂಡಿದ್ದ. ಬಸವಪ್ರಸಾದ ಹೌದೆಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ. ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದಾಗ 'ಬಿಸಿನೆಸ್ರಿ' ಎಂದಿದ್ದ. ಗದಗ ಬಸ್ ಸ್ಟ್ಯಾಂಡಿನೆದುರು ಹರಿದ ಕೊಡೆಯ ಕೆಳಗೆ ಕೂತು ಮೂವತ್ತೆರಡು ವರ್ಷ ಊರ ಮಂದಿಯ ಕೆರ ಹೊಲಿದ ಅಪ್ಪ ತಿಪ್ಪಣ್ಣನದೂ ಬಿಸಿನೆಸ್ಸೇ ತಾನೆ.

ಬಸವಪ್ರಸಾದನ ಒಂದು ವರ್ಷದ ಕರಾರು ಫೆಬ್ರವರಿ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ರವಿಶಂಕರ ಸೋಮವಾರ ಬರೆದು ಕಳಿಸಬೇಕು. ಬೇಡ ಎಂದರೆ ವೀಸಾ ಉಳಿಯುವುದು ಮೂರೇ ತಿಂಗಳು. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕದಿದ್ದರೆ ಗಂಟುಮೂಟೆ ಕಟ್ಟಬೇಕು. ಹೆಂಡತಿ ಸ್ವಪ್ನಾಗೆ ಈಗ ಐದು ತಿಂಗಳು. ಮೇ ಕೊನೆಗೆ ಹೆರಿಗೆ. ಬೆಂಗಳೂರಿನಲ್ಲಿ ಎರಡು ವರ್ಷದಲ್ಲಿ ಮೂರು ಬಾಡಿಗೆ ಮನೆ ಬಿಟ್ಟವರು ಅವರು. ಮೂರೂ ಕಡೆ ಮೊದಲು ಊಟದ ಮಾತು ಬಂತು, ಆಮೇಲೆ ಊರಿನ ಮಾತು, ಆಮೇಲೆ ಮನೆ ಖಾಲಿ ಮಾಡುವ ಮಾತು. ಇಲ್ಲಿ ಬಾಗಿಲಿನ ಮೇಲೆ ಹೆಸರು ಬರೆದುಕೊಂಡಿದ್ದಾರೆ, ಯಾರೂ ಅದರ ಹಿಂದೆ ಏನಿದೆ ಎಂದು ಕೇಳಿಲ್ಲ. ಹುಟ್ಟುವ ಕೂಸು ಆ ಪ್ರಶ್ನೆ ಕಿವಿಗೆ ಬೀಳದೆಯೇ ಬೆಳೆಯಲಿ ಎಂಬುದೊಂದೇ ಸ್ವಪ್ನಾಳ ಹಟ.

ಬೆಳಿಗ್ಗೆ ಈ ಮನೆಗೆ ಬರುವಾಗ ಅವಳು ಸೈಕಲ್ ನಿಲ್ಲಿಸಿ ಹೇಳಿದ್ದಳು: "ಸೋಮವಾರದ ತನಕ ಬಾಯಿ, ಕೈ, ಎರಡೂ ಹಿಡಿತದಾಗ ಇಟ್ಕೋ."

"ಕೈ ಯಾಕ?"

"ನಿನ್ನ ಬಾಯಿಗಿಂತ ಕೈನ ಹೆಚ್ಚಿಗಿ ಮಾತಾಡ್ತಾವ."

ರವಿಶಂಕರ ಓಟಕ್ಕೆ ಹೆಸರು ಕೊಡಲು ಹೊರಟ. ಬಾಗಿಲಲ್ಲಿ ನಿಂತು, "ನಿಮ್ಮ ಮೇಲ್ ಡ್ರಾಫ್ಟ್ ಆಗೈತ್ರಿ. ಸೋಮವಾರ ಸೆಂಡ್ ಒತ್ತೋದಷ್ಟ," ಎಂದು ಕಣ್ಣು ಮಿಟುಕಿಸಿದ. ಒಲೆಯ ಬಳಿ ನಿಂತಿದ್ದ ಸ್ವಪ್ನಾ ಬಗ್ಗಿ ಪಾತ್ರೆ ತೆಗೆಯುವ ನೆವದಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಹಿಟ್ಟು ಸೋಸಲು ಡಬ್ಬಿ ಹಿಡಿದು ಹಜಾರಕ್ಕೆ ಹೋದಳು.

ಬಸವಪ್ರಸಾದ ಗೇರುಗಳನ್ನೆಲ್ಲ ಬಿಸಿನೀರಲ್ಲಿ ತೊಳೆದು, ಒರೆಸಿ, ಚಳಿಗೆ ಗಟ್ಟಿಯಾಗದ ತೆಳು ಎಣ್ಣೆ ಬಿಟ್ಟ. ಸಿಗ್ನಲ್ ಹಿಡಿಯುವ ಪೆಟ್ಟಿಗೆಗೆ ನೀರು ಹೋಗದಂತೆ ಬಲೂನು ತೊಡಿಸಿ ಬಾಯಿ ಕಟ್ಟಿದ. ಬ್ಯಾಟರಿ ತಣ್ಣಗಾದರೆ ಸೋಲುತ್ತದೆಂದು ಅದನ್ನು ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡ. ಕೊನೆಗೆ ಉಳಿದದ್ದು ಬಲ ಮುಂದಿನ ಟೈರು. ಚಳಿಗೆ ರಬ್ಬರು ಸೆಟೆದು, ಕಲ್ಲಿಗೆ ತಾಗಿ, ಪಕ್ಕೆಯಲ್ಲಿ ಎರಡು ಅಂಗುಲ ಸೀಳಿತ್ತು. ಹೊಸದು ಮಂಗಳವಾರವೇ ಬರುವುದು. ಅಂಟು ಹಚ್ಚಿ ಬಾಲ್ಕನಿಯಲ್ಲಿಟ್ಟು ನೋಡಿದ. ಐದು ನಿಮಿಷಕ್ಕೆ ಗಾಜಿನಂತೆ ಚಟ್ಟೆಂದು ಬಿಟ್ಟಿತು.

ಹೊಲಿಯದೆ ವಿಧಿಯಿರಲಿಲ್ಲ.

ಪೆಟ್ಟಿಗೆಯ ತಳದಲ್ಲಿ, ಸ್ಕ್ರೂಡ್ರೈವರುಗಳ ನಡುವೆ, ಹಿಡಿಗೆ ನೀಲಿ ಟೇಪು ಸುತ್ತಿಕೊಂಡು ಎಲ್ಲರಂತೆ ಮಲಗಿತ್ತು ಅಪ್ಪನ ಆರಿ. ಚರ್ಮಕ್ಕೆ ತೂತು ಕೊರೆಯುತ್ತಿದ್ದ ಅದರ ತುದಿ ಈಗಲೂ ಚೂಪು. ಟೇಪಿನ ಕೆಳಗೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ ಇದೆ. ಅಲ್ಲಿಗೆ ತನ್ನ ಹೆಬ್ಬೆರಳು ಊರಿದೊಡನೆ ಮಿಕ್ಕದ್ದೆಲ್ಲ ತಾನಾಗಿ ಆಯಿತು. ನೆಲಕ್ಕೆ ಕೂತ. ಕಾಲುಚೀಲ ಕಳಚಿದ. ಎರಡೂ ಅಂಗಾಲುಗಳ ನಡುವೆ ಟೈರನ್ನು ಕಚ್ಚಿಸಿ ಹಿಡಿದ. ಯಾವ ಇಕ್ಕಳವೂ ರಬ್ಬರನ್ನು ನೋಯಿಸದೆ ಹಾಗೆ ಹಿಡಿಯಲಾರದು. ದಾರಕ್ಕೆ ಮೇಣ ಸವರಿ ತೊಡೆಯ ಮೇಲೆ ಹೊಸೆದು, ತುದಿಯನ್ನು ತುಟಿಯಲ್ಲಿ ತೇವ ಮಾಡಿದ. ಆರಿ ಒಳಹೋಯಿತು, ದಾರ ಕಚ್ಚಿಕೊಂಡು ಹೊರಬಂತು. ನಾಲ್ಕು ಹೊಲಿಗೆಯಾಗುವಷ್ಟರಲ್ಲಿ ಅವನಿಗೆ ಆಮರ್ಸ್‌ಫೋರ್ಟು, ಸೋಮವಾರ, ಎಲ್ಲ ಮರೆತೇಹೋಗಿತ್ತು.

"ಈ ಕುಂದ್ರೂ ಕುಂದರಿಕಿ ನಾ ಬಲ್ಲೆ."

ತಲೆಯೆತ್ತಿದರೆ ರವಿಶಂಕರನ ತಾಯಿ ಸಾವಿತ್ರವ್ವ. ಮೂರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದ ಹಿರಿಯ ಜೀವ. ಬೆಳಿಗ್ಗೆ ತಾನೇ ಅವನ ತಟ್ಟೆಗೆ ಎರಡನೇ ರೊಟ್ಟಿ ಬಡಿಸಿ "ನಾಚಬ್ಯಾಡ್ರಿ, ನಿಮ್ಮ ಮನಿ ಅನ್ಕೋರಿ" ಎಂದಿದ್ದರು. ಈಗ ನೀರಿನ ಲೋಟ ಹಿಡಿದು ಅವನ ಅಂಗಾಲುಗಳನ್ನೇ ನೋಡುತ್ತಿದ್ದರು. ಅಲ್ಲಿಂದ ಕಣ್ಣು ಆರಿಗೆ ಬಂತು, ತುಟಿಯಲ್ಲಿದ್ದ ದಾರಕ್ಕೆ ಬಂತು.

"ಅಪ್ಪ ಏನ್ ಬಿಸಿನೆಸ್ ಮಾಡ್ತಿದ್ದ ಅಂದಿ?"

ಅಂದಿರಿ ಅಲ್ಲ, ಅಂದಿ. ಮಾತಿನಿಂದ 'ರಿ' ಕಳಚಿದ್ದು ಆ ಮುದುಕಿಗೇ ಗೊತ್ತಾಗಲಿಲ್ಲ. ಅದಕ್ಕೆ ಸಿಟ್ಟೂ ಬೇಕಾಗಲಿಲ್ಲ, ತಿರಸ್ಕಾರವೂ ಬೇಕಾಗಲಿಲ್ಲ. ಎಷ್ಟೋ ತಲೆಮಾರಿನಿಂದ ಪಳಗಿದ ನಾಲಗೆ, ಮನೆ ದಾರಿ ಬಲ್ಲ ಎತ್ತಿನಂತೆ, ತಾನೇ ಹೊರಳಿಕೊಂಡಿತ್ತು. ಬಸವಪ್ರಸಾದ ಬಾಯಿಂದ ದಾರ ತೆಗೆದ.

ಸಾವಿತ್ರವ್ವ ಒಳಹೋಗಿ ಒಂದು ಚಪ್ಪಲಿ ತಂದರು. ಅವನ ಕೈಗೆ ಕೊಡಲಿಲ್ಲ. ಒಂದು ಮಾರು ದೂರದಲ್ಲಿ ನೆಲಕ್ಕಿಟ್ಟರು. "ಹೆಂಗೂ ಕುಂತೀದಿ. ಇದರ ಹೆಬ್ಬೆರಳ ಉಂಗುಷ್ಟ ಕಿತ್ತೈತಿ, ಎರಡು ಹೊಲಿಗಿ ಹಾಕ್ಕೊಡು," ಎಂದರು. ದನಿಯಲ್ಲಿ ಬೆಳಗಿನದೇ ಅಕ್ಕರೆ.

ಹಿಟ್ಟಿನ ಡಬ್ಬಿ ಹಿಡಿದ ಸ್ವಪ್ನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಬಸವಪ್ರಸಾದ ಚಪ್ಪಲಿ ಎತ್ತಿಕೊಂಡ. "ಆಗ್ಲಿರಿ," ಎಂದ. ಹೊಲಿದೂ ಕೊಟ್ಟ. ತನ್ನ ಬಾಯಲ್ಲಿ ಆ 'ರಿ' ಎಷ್ಟು ಸಲೀಸಾಗಿ ಬಂತೆಂಬುದು ಅವನನ್ನು ಮುಳ್ಳಿನಂತೆ ಚುಚ್ಚಿತು.

ರವಿಶಂಕರ ಬಂದ. ತಾಯಿ ಕರೆದರು, ಒಳಕೋಣೆಯ ಬಾಗಿಲು ಮುಚ್ಚಿತು. ತೆರೆದಾಗ ರವಿಶಂಕರನ ಕಣ್ಣು ಮೊದಲು ಬಸವಪ್ರಸಾದನ ಕಾಲಿಗೇ ಹೋಯಿತು.

"ಟೈರ್ ಆತೇನು?"

ಆತೇನ್ರಿ ಅಲ್ಲ.

"ಆಗೈತ್ರಿ ಸರ್. ಆ ಮೇಲ್..."

"ಸೋಮವಾರ ನೋಡೋಣ." ರವಿಶಂಕರ ಕಾರನ್ನು ಎತ್ತಿ ತಿರುಗಿಸಿ ಹೊಲಿಗೆ ನೋಡಿದ. ಚೊಕ್ಕ ಹೊಲಿಗೆ. "ಟೀಮ್ ಫಿಟ್ ಅಂತ ಒಂದು ಇರ್ತೈತಲ್ಲ. ಮಾತಾಡೋಣ."

ಐಸಿನ ಅಂಗಳದ ದಂಡೆಯಲ್ಲಿ ಮಂದಿ ಸೇರಿದ್ದರು. ಬಟಾಣಿ ಸೂಪಿನ ಹಬೆ, ಸ್ಕೇಟು ಕಟ್ಟಿಕೊಂಡ ಮುದುಕರು, ಕೆಂಪು ಕೋನುಗಳ ನಡುವೆ ಕಿರ್ರೆಂದು ತಿರುಗುವ ಪುಟ್ಟ ಕಾರುಗಳು. ಸ್ಯಾಂಡರ್ ಬಂದು ಕೈಚಾಚಿದಾಗ ಸಾವಿತ್ರವ್ವ ಎರಡೂ ಕೈಯಿಂದ ಆ ಕೈ ಹಿಡಿದು, ಚೀಲದಿಂದ ಶೇಂಗಾ ಉಂಡೆ ತೆಗೆದು ಕೊಟ್ಟರು. "ತಿನ್ರಿ ಯಪ್ಪಾ, ದೊಡ್ಡ ಮನುಷ್ಯಾರು ನೀವು," ಎಂದರು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಉಂಡೆ ಮಾತ್ರ ಬಾಯಿಗೆ ಹಾಕಿಕೊಂಡ.

ಸ್ವಪ್ನಾ ಗಂಡನ ತೋಳು ಹಿಡಿದು ಸಣ್ಣ ದನಿಯಲ್ಲಿ, "ಇನ್ನೊಂದ್ ಸಲ ಕೇಳಿ ನೋಡು ಅವ್ರನ್ನ. ಕಾಲಿಗೆ ಬೀಳೂದಾದ್ರ ನಾನೂ ಬೀಳ್ತೀನಿ," ಎಂದಳು. ಅವನು ಅವಳ ಕೈಯನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ. ಜೇಬಿನಲ್ಲಿ ದಾರದುಂಡೆಯ ಜೊತೆ ಆರಿ ಇತ್ತು. ಅವಳ ಬೆರಳು ಅದನ್ನು ಮುಟ್ಟಿ ನಿಂತಿತು.

ಮೊದಲ ಸುತ್ತಿನಲ್ಲಿ ರವಿಶಂಕರನ ಕಾರು ಸ್ಯಾಂಡರನ ಬೆನ್ನಿಗೇ ಓಡಿ ಎರಡನೆಯದಾಗಿ ಬಂತು. ಬಲಗಡೆಯ ಹೊಲಿದ ಟೈರು ಕಲ್ಲಿನಂತೆ ನಿಂತಿತ್ತು. ಹೊಲಿಯದ ಎಡಗಡೆಯದು ಕೊನೆಯ ತಿರುವಿನಲ್ಲಿ ಬಿರಿದು ನಾಲಗೆ ಚಾಚಿತು. ಫೈನಲ್ಲಿಗೆ ಹತ್ತು ನಿಮಿಷ.

"ಏ ಬಸ್ಯಾ!" ರವಿಶಂಕರನ ಕೂಗು ಐಸಿನ ಮೇಲೆ ಜಾರಿಕೊಂಡು ಬಂತು. "ಬಾರೋ ಲಗೂನ! ಆ ಆರಿ ತಗೊಂಡ್ ಬಾ!" ಆಮೇಲೆ ಸ್ಯಾಂಡರನತ್ತ ತಿರುಗಿ ಇಂಗ್ಲಿಷಿನಲ್ಲಿ ನಕ್ಕ: "ಡೋಂಟ್ ವರಿ. ಶೂ ರಿಪೇರಿ ಈಸ್ ಹಿಸ್ ಪೀಪಲ್ಸ್ ವರ್ಕ್. ಇಟ್ಸ್ ಇನ್ ಹಿಸ್ ಬ್ಲಡ್."

ಸ್ಯಾಂಡರನ ಮುಖ ಅರಳಿತು. ಎದೆ ತಟ್ಟಿಕೊಂಡು ಏನೋ ಕೂಗಿದ, ಸುತ್ತಲಿನವರು ನಕ್ಕರು.

"ಏನಂತಾನ ಅಂವಾ?" ಸಾವಿತ್ರವ್ವ ಕೇಳಿದರು.

ಡಚ್ ಕಲಿತಿದ್ದ ಸ್ವಪ್ನಾ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ನಾನೂ ಅದ ಅಂತಾರ್ರಿ. ಅವ್ರ ಅಡ್ಡಹೆಸರು ಸ್ಖೂನ್‌ಮಾಕರ್. ಅಂದ್ರ ಕೆರ ಹೊಲಿಯಾಂವ. ನೀವು ಕೈ ಮುಟ್ಟಿ ಉಂಡಿ ಕೊಟ್ರಲ್ಲ, ಅವ್ರ."

ಸಾವಿತ್ರವ್ವ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು, ಆಮೇಲೆ ಶಾಲಿನೊಳಗೆ ಎಳೆದುಕೊಂಡರು. ಸ್ಯಾಂಡರ್ ಇನ್ನೂ ನಗುತ್ತಿದ್ದ. ಪಾಪ, ಅವನಿಗೇನು ಗೊತ್ತು. ಅವನ ಊರಲ್ಲಿ ಆ ಶಬ್ದ ಬಾಗಿಲ ಮೇಲಿನ ಒಂದು ಹೆಸರು, ಅಷ್ಟೇ. ಅದರ ಭಾರವನ್ನು ಏಳು ಸಮುದ್ರ ದಾಟಿಸಿ, ಯಾವ ತಪಾಸಣೆಗೂ ಸಿಗದಂತೆ, ನಾಲಗೆಯ ಅಡಿಯಲ್ಲಿಟ್ಟು ತಂದವರು ಬೇರೆ. ಸೋಮವಾರದ ಮೇಲ್ ಬರೆಯುವವರೂ ಅವರೇ.

ಬಸವಪ್ರಸಾದ ಐಸಿನ ಅಂಚಿನ ತನಕ ನಡೆದು ನಿಂತ. ಆರಿ ಕೈಯಲ್ಲಿತ್ತು. ನೀಲಿ ಟೇಪನ್ನು ಉಗುರಿನಿಂದ ಕೆತ್ತಿ, ಸುಲಿದು, ಜೇಬಿಗೆ ಹಾಕಿಕೊಂಡ.

"ನಿಂತೆ ಯಾಕೋ? ಬಾ!"

"ಬರ್ರಿ ಅನ್ರಿ ಸರ್."

"ಏನು?"

"ಬರ್ರಿ ಅನ್ರಿ. ಬೆಳಿಗ್ಗೆ ಅಂತಿದ್ರಲ್ಲ, ಹಂಗ. ಬರ್ತೀನಿ."

ರವಿಶಂಕರನ ನಗು ಮುಖದಲ್ಲೇ ಹೆಪ್ಪುಗಟ್ಟಿತು. ಕೈಯಲ್ಲಿ ಹರಿದ ಟೈರು, ಪಕ್ಕದಲ್ಲಿ ಡೈರೆಕ್ಟರು, ಎದುರಿಗೆ ಬಡಾವಣೆಯ ಮಂದಿ. ಗಡಿಯಾರ ಹಿಡಿದವನು "ಎಂಟು ನಿಮಿಷ" ಎಂದು ಕೂಗಿದ. ಹಿಂದಿನಿಂದ ಸ್ವಪ್ನಾ "ಬ್ಯಾಡ, ಬ್ಯಾಡ" ಎಂದದ್ದು ಬಸವಪ್ರಸಾದನಿಗೆ ಕೇಳಿಸಿತು.

"ಬರ್ರಿ," ಎಂದ ರವಿಶಂಕರ. ಹಲ್ಲಿನ ಸಂದಿಯಿಂದ ಬಂತು. ಕಣ್ಣು ಬೇರೆಯೇ ಹೇಳುತ್ತಿತ್ತು. ಇದೇ ಕೊನೆಯ 'ರಿ' ಎಂದು ಬಸವಪ್ರಸಾದನಿಗೆ ತಿಳಿಯಿತು, ಸೋಮವಾರವೂ ಇದರಲ್ಲೇ ಮುಗಿಯಿತೆಂದೂ ತಿಳಿಯಿತು.

ಅವನು ಹೋದ. ಐಸಿನ ನಡುವೆಯೇ ಕೋಟು ಹಾಸಿ ಕೂತು, ಬೂಟು ಕಳಚಿದ, ಕಾಲುಚೀಲ ಕಳಚಿದ. ಬರಿಗಾಲು ಐಸಿಗೆ ತಾಗಿದಾಗ ನೆತ್ತಿಯ ತನಕ ಉರಿಯಿತು. ಟೈರನ್ನು ಅಂಗಾಲುಗಳ ನಡುವೆ ಕಚ್ಚಿಸಿದ, ಹಿಮ್ಮಡಿ ಊರಿದ. ಸ್ವಪ್ನಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದು, ಅವನ ಬೂಟುಗಳನ್ನು ಎತ್ತಿ ಎದೆಗವಚಿ ನಿಂತಳು. ಆರಿ ಒಳಹೋಯಿತು, ದಾರ ಕಚ್ಚಿಕೊಂಡು ಹೊರಬಂತು. ಒಂದು ಹೊಲಿಗೆಯೂ ಸಡಿಲ ಬೀಳಲಿಲ್ಲ. ಹಾಗೆ ಬೀಳಿಸುವುದು ಆ ಕೈಗೆ ಗೊತ್ತಿರಲಿಲ್ಲ. ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದ.

ಟೈರು ಕೊಟ್ಟು ಎದ್ದ. ಸ್ವಪ್ನಾ ಕೊಟ್ಟ ಬೂಟು ಬೆಚ್ಚಗಿತ್ತು. ಕಾರು ಕಿರ್ರೆಂದು ಹೊರಟಿತು, ಮಂದಿ ಮತ್ತೆ ಕೂಗತೊಡಗಿದರು. ಇಬ್ಬರೂ ತಿರುಗಿ ನೋಡದೆ ಸೈಕಲ್ಲಿನತ್ತ ನಡೆದರು.

ಅವನು ಕೂತಿದ್ದಲ್ಲಿ ಐಸು ಎರಡು ಹಿಮ್ಮಡಿಗಳ ಅಳತೆಗೆ ಕರಗಿ, ಗುಳಿಯಾಗಿ, ತುಸು ನೀರು ನಿಂತಿತ್ತು. ನೀರಿನ ಅಂಚಿನಲ್ಲಿ ಆಗಲೇ ತೆಳ್ಳಗೆ ಕೆನೆ ಕಟ್ಟತೊಡಗಿತ್ತು.